ಗಂಜಿಯಮ್ಮ ಬಿಟ್ಟ ಸಾಲು

ಗಂಜಿಯಮ್ಮನ ಇಸ್ತ್ರಿ ಮೇಜು ಬೀದಿಗೆ ಬಾಗಿಲು ತೆರೆದ ಕೋಣೆಯಲ್ಲಿತ್ತು. ಮೇಜಿನ ಮೇಲೆ ಮಡಿಸಿ ಹಾಸಿದ ಹಳೆಯ ಕಂಬಳಿ, ಅದರ ಮೇಲೆ ಸುಕ್ಕಿಲ್ಲದಂತೆ ಎಳೆದು ಹೊಲಿದ ಬಿಳಿ ಬಟ್ಟೆ. ಎಡಗಡೆ ನೀರು ಚಿಮುಕಿಸಿ ಸುತ್ತಿಟ್ಟ ಬಟ್ಟೆಗಳ ಬುಟ್ಟಿ, ಬಲಗಡೆ ಗಂಜಿಯ ಪಾತ್ರೆ. ಅವಳು ಗಂಜಿ ಹಾಕಿ ಉಜ್ಜಿದ ಅಂಗಿ ಒಳಗೆ ಮನುಷ್ಯ ಇಲ್ಲದಿದ್ದರೂ ಎದ್ದು ನಿಲ್ಲುತ್ತದೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಹೆಸರು ಬಂದದ್ದು ಹಾಗೆ. ಗಂಜಿ ಬಿದ್ದಿರುವುದು ಬಟ್ಟೆಗೆ ಮಾತ್ರ ಅಲ್ಲ, ಅತ್ತಿಗೆಯ ಕುತ್ತಿಗೆಗೂ ಎಂದು ನಾದಿನಿ ಸೇರಿಸುತ್ತಿದ್ದಳು. ನಾದಿನಿ ಎಂದರೆ ತೀರಿಹೋದ ಗಂಡನ ತಂಗಿ. ಮದುವೆಯಾಗದೆ ಉಳಿದವಳು. ಅತ್ತಿಗೆಯ ಜೊತೆಗೇ ಇದ್ದು, ಇಸ್ತ್ರಿಗೆ ಬಂದ ಅಂಗಿಗಳಿಗೆ ಬಿದ್ದುಹೋದ ಗುಂಡಿ ಹೊಲಿಯುತ್ತಿದ್ದಳು. ಸೂಜಿ ನಿಂತರೂ ಅವಳ ಬಾಯಿ ನಿಲ್ಲುತ್ತಿರಲಿಲ್ಲ.

ಚರ್ಚಿನ ಪೀಠದ ಬಟ್ಟೆಗಳು ಬರುತ್ತಿದ್ದದ್ದೂ ಈ ಮೇಜಿಗೇ. ಅವುಗಳನ್ನು ಗಂಜಿಯಮ್ಮ ಬೇರೆ ಬಟ್ಟೆಯ ಜೊತೆ ಸೇರಿಸುತ್ತಿರಲಿಲ್ಲ. ಪೂಜೆಯ ಹೊತ್ತಿನಲ್ಲಿ ಪ್ರಸಾದ ಇಡುವ ಚೌಕದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಅದ್ದಿ ತೆಗೆದು, ಆ ನೀರನ್ನು ಬಚ್ಚಲಿಗೆ ಚೆಲ್ಲದೆ ಹಿತ್ತಲಲ್ಲಿ ಯಾರೂ ತುಳಿಯದ ಮೂಲೆಯ ಮಣ್ಣಿಗೆ ಹೊಯ್ಯುತ್ತಿದ್ದಳು. ಪ್ರಸಾದವೆಂದರೆ ಯೇಸುವಿನ ದೇಹ, ಅದರ ಕಣ್ಣಿಗೆ ಕಾಣದ ಒಂದು ಕಣ ಅಂಟಿಕೊಂಡಿದ್ದರೂ ಅದು ಚರಂಡಿಗೆ ಹೋಗಬಾರದು. ಸೋಪು ಕಾಣುವುದು ಆಮೇಲೆ.

ಇಷ್ಟು ಮಾಡುವವಳು ಆ ಪ್ರಸಾದವನ್ನು ನಾಲಿಗೆಗೆ ತಗುಲಿಸಿ ವರ್ಷಗಳೇ ಆಗಿದ್ದವು. ಭಾನುವಾರದ ಪೂಜೆ ಅವಳು ಒಂದೂ ತಪ್ಪಿಸಿದವಳಲ್ಲ. ಆದರೆ ಜನ ಸಾಲುಗಟ್ಟಿ ಪೀಠದ ಮುಂದೆ ಹೋಗುವಾಗ ಇವಳು ಬೆಂಚಿನಲ್ಲಿ ಮಂಡಿಯೂರಿ ಉಳಿದುಬಿಡುತ್ತಿದ್ದಳು. ಅದಕ್ಕೂ ಮುಂಚೆ ಇನ್ನೊಂದು ನಡೆಯುತ್ತಿತ್ತು. ಯೇಸು ಕಲಿಸಿದ ಪರಲೋಕ ಪ್ರಾರ್ಥನೆಯನ್ನು ಎಲ್ಲರೂ ಹೇಳುವಾಗ ಇವಳ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. ‘ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ’ ಎನ್ನುವಲ್ಲಿಗೆ ಬಂದ ಕೂಡಲೇ ಬಾಯಿ ಮುಚ್ಚುತ್ತಿತ್ತು. ಆ ಸಾಲು ದಾಟಿದ ಮೇಲೆ ಮತ್ತೆ ತೆರೆಯುತ್ತಿತ್ತು.

ಕಾರಣ ಬೀದಿಗೆಲ್ಲ ಗೊತ್ತಿತ್ತು. ಅವಳ ಗಂಡ ನೂಲಿನ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಬಾಯ್ಲರಿನ ಒಂದು ಕೀಲು ಸೋರುತ್ತಿದೆ, ನಿಲ್ಲಿಸಿ ಸರಿ ಮಾಡಿಸಿ ಎಂದು ಮೇಸ್ತ್ರಿಗೆ ಹೇಳಿ ಹೇಳಿ ಸೋತಿದ್ದ. ಕೆಲಸ ನಿಲ್ಲಬಾರದು ಎಂದು ಮೇಸ್ತ್ರಿ ತಳ್ಳಿಹಾಕಿದ. ಒಂದು ಬೆಳಿಗ್ಗೆ ಅದು ಸಿಡಿಯಿತು. ವಿಚಾರಣೆಗೆ ಬಂದವರ ಮುಂದೆ ಮೇಸ್ತ್ರಿ, ಅವನು ಕುಡಿದು ಬಂದಿದ್ದ ಎಂದುಬಿಟ್ಟ. ಸತ್ತವನು ಎದ್ದು ಬಂದು ಅಲ್ಲ ಎನ್ನುವ ಹಾಗಿರಲಿಲ್ಲ. ಕುಡಿಯುವ ಮಾತು ಹಾಗಿರಲಿ, ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ದೂರ ಇಡುತ್ತಿದ್ದ ಮನುಷ್ಯ ಅವನು. ಅಂದಿನಿಂದ ಅವಳು ಕುಡುಕನ ಹೆಂಡತಿ. ಮೇಸ್ತ್ರಿಯಾದರೋ ಅದೇ ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು, ಆ ಸಾಲನ್ನು ಗಂಟಲು ತುಂಬ ಹೇಳುತ್ತಿದ್ದ.

“ಸುಳ್ಳು ಹೇಳಿ ನನ್ನ ಗಂಡನ ಹೆಸರು ಕೆಡಿಸಿದ ಅವನು. ನಾನು ದೇವರ ಮುಂದೆ ನಿಂತು ಸುಳ್ಳು ಹೇಳಲ್ಲ” ಎನ್ನುತ್ತಿದ್ದಳು ಗಂಜಿಯಮ್ಮ. “ಕ್ಷಮಿಸಿದ್ದೀನಿ ಅಂತ ಬಾಯಲ್ಲಿ ಹೇಳಿ, ಮನಸ್ಸಲ್ಲಿ ಅವನ ಕತ್ತು ಹಿಸುಕ್ತಾ ಇರ್ಲಾ? ಆ ಬಾಯಿಗೆ ಪ್ರಸಾದ ಬೇರೆ ಇಡ್ಲಾ?”

ಹಳೆಯ ಫಾದರ್ ಇದನ್ನು ನೋಡಿಯೂ ನೋಡದಂತಿದ್ದರು. ಹೊಸದಾಗಿ ಬಂದ ಫಾದರ್ ಚಿಕ್ಕ ವಯಸ್ಸಿನವರು. ಪೀಠದ ಕಡೆಯಿಂದ ಜನರ ಮುಖ ಕಾಣುತ್ತದಲ್ಲ, ಅವರಿಗೆ ಮುಚ್ಚಿದ ಬಾಯಿ ಕಂಡಿತು. ಬಟ್ಟೆ ಒಯ್ಯುವ ನೆಪದಲ್ಲಿ ತಾವೇ ಇಸ್ತ್ರಿ ಕೋಣೆಗೆ ಬಂದರು.

“ಅಮ್ಮಾ, ಕ್ಷಮಿಸೋಕೆ ಆಗ್ತಿಲ್ಲ ಅಂತಾದ್ರೂ ದೇವರ ಹತ್ರ ಹೇಳಿ. ಸುಮ್ಮನಿರಬೇಡಿ” ಎಂದರು.

“ಬಾಯಿ ಮುಚ್ಚಿಕೊಂಡು ಅದನ್ನೇ ಹೇಳ್ತಿರೋದು ಫಾದರ್. ದೇವರಿಗೆ ಕೇಳುತ್ತೆ.”

“ಪ್ರಸಾದ ಇಲ್ಲದೆ ಎಷ್ಟು ದಿನ ಅಂತ ಇರ್ತೀರಿ?”

ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ನಿಂತಿತು. ಆ ಮಾತು ನಾಟಿತ್ತು. ಹಸಿವು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಹೊಟ್ಟೆಯದೂ ಗೊತ್ತಿತ್ತು, ಇದೂ ಗೊತ್ತಿತ್ತು. ಇದೇ ಹೆಚ್ಚು ಸುಡುತ್ತಿತ್ತು. ಆದರೆ ಹಸಿವಾಯಿತು ಎಂದು ಕದ್ದು ತಿನ್ನುವವಳಲ್ಲ ಅವಳು.

“ಆ ಮೇಸ್ತ್ರಿ ನಿಜ ಹೇಳೋ ತನಕ” ಎಂದಳು. ಬಟ್ಟೆ ಸುಟ್ಟೀತೆಂದು ಪೆಟ್ಟಿಗೆಯನ್ನು ಮತ್ತೆ ಓಡಿಸಿದಳು.

ಮನೆಮನೆಗೆ ಹೋಗಿ, ಮಣಿ ಎಣಿಸುತ್ತ ಎಲ್ಲರೂ ಕೂಡಿ ಹೇಳುವ ಜಪಸರ ನಡೆಸುವವಳೂ ಇವಳೇ. ಕಾಯಿಲೆಯವರಿದ್ದರೆ, ಸಾವಾದರೆ, ಜನ ಬಂದು ಕರೆಯುತ್ತಿದ್ದರು. ಜಪಸರದಲ್ಲಿ ಪರಲೋಕ ಪ್ರಾರ್ಥನೆ ಮತ್ತೆ ಮತ್ತೆ ಬರುತ್ತದೆ; ನಡೆಸುವವರು ಅದರ ಮೊದಲರ್ಧ ಹೇಳಬೇಕು, ಉಳಿದವರು ಎರಡನೆಯ ಅರ್ಧ ಹೇಳಿ ಮುಗಿಸಬೇಕು. ಕ್ಷಮೆಯ ಸಾಲು ಇರುವುದು ಎರಡನೆಯ ಅರ್ಧದಲ್ಲಿ.

“ನಮ್ಮತ್ತಿಗೆಗೆ ಭಕ್ತಿ ಜಾಸ್ತಿ ಅಂತ ಜನ ಅಂದ್ಕೊಂಡಿದ್ದಾರೆ” ಎಂದು ನಾದಿನಿ ನಗುತ್ತಿದ್ದಳು. “ಮೊದಲರ್ಧ ಹಿಡ್ಕೊಂಡ್ರೆ ಆ ಸಾಲು ಬೇರೆಯವರ ತಲೆಗೆ ಬೀಳುತ್ತೆ, ಅದಕ್ಕೇ ಈ ಓಡಾಟ!”

“ನಿನ್ನ ಗುಂಡಿ ನೋಡ್ಕೋ. ಬಿಳಿ ಅಂಗಿಗೆ ನೀಲಿ ದಾರ ಹಾಕಿದ್ದೀಯ.”

ಹೀಗಿರುವಾಗ ಒಂದು ಮಧ್ಯಾಹ್ನ ಮೇಸ್ತ್ರಿಯ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಮೇಸ್ತ್ರಿಗೆ ಲಕ್ವ ಹೊಡೆದು ಮೈಯ ಒಂದು ಕಡೆ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು, ಆದರೆ ಇತ್ತು.

“ಅಕ್ಕ, ಜಪಸರಕ್ಕೆ ನಿಮ್ಮನ್ನೇ ಕರೀಬೇಕಂತೆ. ಬೇರೆ ಯಾರೂ ಬೇಡವಂತೆ” ಎಂದಳು. ಅವಳ ಕಣ್ಣು ನೆಲ ಬಿಟ್ಟು ಮೇಲೆ ಬರಲಿಲ್ಲ.

ನಾದಿನಿ ಸೂಜಿ ಚುಚ್ಚಿಟ್ಟು ಎದ್ದಳು. “ನಮ್ಮಣ್ಣನ್ನ ಕುಡುಕ ಅಂದ ಬಾಯಿಗೆ ನಾವು ಬಂದು ಪ್ರಾರ್ಥನೆ ಹೇಳಬೇಕಾ? ನಾಚಿಕೆ ಅನ್ನೋದನ್ನೂ ಲಕ್ವ ಹೊಡ್ಕೊಂಡು ಹೋಯ್ತಾ?”

“ನೀನು ಸುಮ್ಮನಿರು” ಎಂದಳು ಗಂಜಿಯಮ್ಮ. ಬಂದವಳ ಕಡೆ ತಿರುಗಿ, “ಕಾಯಿಲೆಯವರು ಕರೆದರೆ ಹೋಗಲ್ಲ ಅಂತ ನಾನು ಯಾರಿಗೂ ಹೇಳಿಲ್ಲ. ಬಿಸಿಲು ಇಳೀಲಿ, ಬರ್ತೀನಿ.”

ಹೋದಳು. ನಾದಿನಿಯೂ ಗೊಣಗುತ್ತ ಹಿಂದೆ ಬಂದಳು. ಮಂಚದ ಸುತ್ತ ಅಕ್ಕಪಕ್ಕದ ಮನೆಯವರು ಸೇರಿದ್ದರು. ಮೇಸ್ತ್ರಿಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಹಾಸಿದ ಚಾದರ ಕೊಳೆಯಾಗಿತ್ತು. ಗಂಜಿಯಮ್ಮನ ಕಣ್ಣು ಮೊದಲು ಹೋದದ್ದು ಅಲ್ಲಿಗೆ. ಅವಳು ಜಪಸರ ತೆಗೆದು ಶಿಲುಬೆಯ ಗುರುತು ಹಾಕಿಕೊಂಡಳು. ಇನ್ನೇನು ಶುರು ಮಾಡಬೇಕು, ಮೇಸ್ತ್ರಿ ಸ್ವಾಧೀನವಿದ್ದ ಕೈ ಎತ್ತಿದ.

“ಇವತ್ತು... ಮೊದಲರ್ಧ... ನಾನು ಹೇಳ್ತೀನಿ” ಎಂದ.

ಅವನ ಲೆಕ್ಕ ಗಂಜಿಯಮ್ಮನಿಗೆ ಅರ್ಥವಾಯಿತು. ಅವನು ಮೊದಲರ್ಧ ಹೇಳಿದರೆ ಎರಡನೆಯದು ಇವಳ ಪಾಲು. ತಪ್ಪಾಯಿತು ಎನ್ನುವುದು ಅವನಿಗೆ ಬೇಡ, ಕ್ಷಮೆ ಮಾತ್ರ ಬೇಕು. ಪ್ರಾರ್ಥನೆಯ ಸಂದಿಯಲ್ಲಿ ಅದನ್ನು ಕಿತ್ತುಕೊಳ್ಳುವ ಉಪಾಯ ಮಾಡಿದ್ದ.

ಅವನು ತೊದಲುತ್ತ ತೊದಲುತ್ತ ಮೊದಲರ್ಧ ಮುಗಿಯುವ ‘ಭೂಲೋಕದಲ್ಲಿಯೂ ನೆರವೇರಲಿ’ ತನಕ ಬಂದು ನಿಲ್ಲಿಸಿದ. ಸುತ್ತಲಿನವರು ಉತ್ತರ ಶುರು ಮಾಡಲಿಲ್ಲ. ಎಲ್ಲರೂ ಅವಳ ಬಾಯಿ ನೋಡಿದರು.

ಗಂಜಿಯಮ್ಮ ಜಪಸರವನ್ನು ಮಡಿಲಲ್ಲಿಟ್ಟಳು. “ಮೇಸ್ತ್ರಿಗಳೇ, ಒಂದು ಮಾತು. ಅವತ್ತು ನನ್ನ ಗಂಡ ಕುಡಿದಿದ್ನಾ?”

ಮೇಸ್ತ್ರಿಯ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು.

“ಹಳೇದು... ಈಗ ಯಾಕೆ...” ಎಂದ ಮೇಸ್ತ್ರಿ.

“ಹಳೇದು ನಿಮಗೆ. ನನಗೆ ದಿನಾ ಹೊಸದು. ಹೌದು ಅನ್ನಿ, ಇಲ್ಲ ಅನ್ನಿ.”

ಅವನ ತುಟಿ ಅಲ್ಲಾಡಿತು. ಆಮೇಲೆ ಕಣ್ಣು ಮುಚ್ಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

“ಏಳಿ ಅತ್ತಿಗೆ, ಹೋಗೋಣ” ಎಂದು ನಾದಿನಿ ತೋಳು ಹಿಡಿದಳು. ಗಂಜಿಯಮ್ಮ ಏಳಲಿಲ್ಲ. ಗೋಡೆಗೆ ತಿರುಗಿದ್ದ ಆ ತಲೆಯನ್ನೇ ನೋಡುತ್ತ ಕೂತಳು. ಈ ಮನುಷ್ಯ ಇವತ್ತೂ ಹೇಳಲಿಲ್ಲ. ನಾಳೆಯೂ ಹೇಳದಿರಬಹುದು. ಹೇಳದೆಯೇ ಸತ್ತರೂ ಸತ್ತ. ಹಾಗಾದರೆ ತನ್ನ ಗತಿ? ಅವನು ಬಾಯಿ ತೆರೆಯುವ ತನಕ ತಾನೂ ಬಾಯಿ ತೆರೆಯುವ ಹಾಗಿಲ್ಲ, ಅವನು ಅಪ್ಪಣೆ ಕೊಡುವ ತನಕ ದೇವರ ಊಟದಲ್ಲಿ ತನಗೆ ಎಲೆಯಿಲ್ಲ. ಗಂಡನ ಹೆಸರನ್ನು ಒಯ್ದವನು ತನ್ನ ಪ್ರಾರ್ಥನೆಯನ್ನೂ ಒಯ್ದು ಹಾಸಿಗೆಯ ಕೆಳಗೆ ಇಟ್ಟುಕೊಂಡಿದ್ದಾನೆ. ಇಷ್ಟು ವರ್ಷ ಹಠ ತನ್ನದು ಎಂದುಕೊಂಡಿದ್ದಳು. ಬೀಗದ ಕೈ ಇವನ ಹತ್ತಿರ ಇತ್ತಲ್ಲ! ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಎದ್ದು ನಿಂತಳು.

“ಎಲ್ಲರೂ ಕೇಳಿ” ಎಂದಳು. “ನನ್ನ ಗಂಡ ಅವತ್ತು ಕುಡಿದಿರಲಿಲ್ಲ. ಯಾವತ್ತೂ ಕುಡಿದವನಲ್ಲ. ಕೀಲು ಸೋರ್ತಿದೆ ಅಂತ ಹೇಳಿದವನು ಅವನು, ಹೇಳಿದ್ರೂ ಕೇಳದವರು ಇವರು. ಇವರು ಒಪ್ಪಿದ್ರೂ ಅದು ನಿಜ, ಒಪ್ಪದೆ ಇದ್ರೂ ಅದೇ ನಿಜ.”

ಆಮೇಲೆ ಜಪಸರ ಕೈಗೆ ತೆಗೆದುಕೊಂಡು, ಗೋಡೆಗೆ ತಿರುಗಿದ ಆ ಕಿವಿಗೆ ಕೇಳುವಂತೆ, ಅನುದಿನದ ಆಹಾರ ಕೊಡು ಎನ್ನುವ ಎರಡನೆಯ ಅರ್ಧವನ್ನು ಶುರು ಮಾಡಿದಳು. ಆ ಸಾಲು ಬಂತು. ಅವಳು ನಿಲ್ಲಿಸಿ, ಮೊಂಡು ಕತ್ತೆಯನ್ನು ಎಳೆಯುವ ಹಾಗೆ ಒಂದೊಂದೇ ಮಾತನ್ನು ಹೊರಗೆಳೆದಳು. ನಮಗೆ. ತಪ್ಪು. ಮಾಡಿದವರನ್ನು. ನಾವು. ಕ್ಷಮಿಸುವಂತೆ. ದನಿ ಮೆತ್ತಗಿರಲಿಲ್ಲ, ಜಗಳಕ್ಕೆ ನಿಂತವರ ದನಿ ಅದು. ಆದರೆ ಅದರಲ್ಲಿ ಸುಳ್ಳಿರಲಿಲ್ಲ. ಮನಸ್ಸು ಬರುವ ತನಕ ಕಾಯುವುದು ಬಿಟ್ಟು, ಮನಸ್ಸನ್ನೇ ರಟ್ಟೆ ಹಿಡಿದು ಎಳೆದು ತಂದಿದ್ದಳು.

ಜಪಸರ ಕೊನೆಯ ತನಕ ನಡೆಯಿತು. ಮೇಸ್ತ್ರಿ ಮತ್ತೆ ಮೊದಲರ್ಧ ಹೇಳಲಿಲ್ಲ, ಅವಳೇ ಹೇಳಿದಳು. ಎರಡನೆಯ ಅರ್ಧದಲ್ಲೂ ಎಲ್ಲರ ಜೊತೆ ಸೇರಿ, ಪ್ರತಿ ಸಲವೂ ಆ ಸಾಲನ್ನು ಬಿಡದೆ ಹೇಳಿದಳು. ಮುಗಿದ ಮೇಲೆ ಮೇಸ್ತ್ರಿಯ ಬೆನ್ನಿಗೆ ಕೈಕೊಟ್ಟು ಪಕ್ಕಕ್ಕೆ ಹೊರಳಿಸಿ, ಆ ಕೊಳೆ ಚಾದರ ಎಳೆದು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. “ಒಗೆದು ತರ್ತೀನಿ. ಇದರ ಮೇಲೆ ಮಲಗಿದ್ರೆ ಬೆನ್ನು ಹುಣ್ಣಾಗುತ್ತೆ.”

ಗೇಟಿನ ತನಕ ಮೇಸ್ತ್ರಿಯ ಹೆಂಡತಿ ಹಿಂದೆಯೇ ಬಂದಳು. “ಅಕ್ಕ, ಕ್ಷಮಿಸಿಬಿಟ್ರಲ್ಲ. ಇನ್ನು ಅದನ್ನ ಕೇಳಲ್ಲ ತಾನೆ?”

“ಯಾರು ಹೇಳಿದ್ದು? ಕ್ಷಮೆ ನಾನು ಕೊಟ್ಟಾಯ್ತು, ನಿಜ ಅವರು ಕೊಡೋದು ಬಾಕಿ ಇದೆ. ಶನಿವಾರ ಫಾದರ್ ಹತ್ರ ಹೋಗಿ ಪಾಪನಿವೇದನೆ ಮಾಡ್ಕೊಂಡು ಬರ್ತೀನಿ, ಭಾನುವಾರ ಪ್ರಸಾದ ತಗೋತೀನಿ. ಅದಕ್ಕೆ ಇನ್ಮೇಲೆ ಇವರ ದಾರಿ ಕಾಯಲ್ಲ.”

“ನಾಳೆ ಜಪಸರಕ್ಕೆ?”

“ಬರ್ತೀನಿ. ಜಪಸರ ಹೇಳ್ತೀನಿ, ಚಾದರ ಹಾಸ್ತೀನಿ, ಆಮೇಲೆ ಅದೇ ಮಾತು ಮತ್ತೆ ಕೇಳ್ತೀನಿ. ನಾಡಿದ್ದೂ ಕೇಳ್ತೀನಿ. ನಿಮ್ಮ ಯಜಮಾನರಿಗೆ ಈಗಲೇ ಹೇಳಿಡಿ.”