ಎಂಬತ್ತೊಂದು ಕಿಲೋ ಮನುಷ್ಯ

ಆ ರಸ್ತೆಯ ಅಂಗಡಿಯವರು ಅವನನ್ನು ಹೆಸರು ಹಿಡಿದು ಕರೆದದ್ದನ್ನು ಕೇಳಿದವರಿಲ್ಲ. ಎಲ್ಲರ ಬಾಯಲ್ಲೂ ಅವನು ‘ಎಂಬತ್ತೊಂದು’. ಹಿಟ್ಟಿನ ಗಿರಣಿ, ಪಾರ್ಸೆಲ್ ಆಫೀಸು, ಗುಜರಿ ಅಂಗಡಿ, ಎಲ್ಲೇ ತೂಕದ ಯಂತ್ರ ಹಟ ಹಿಡಿದು ಕೂತರೂ ಎಂಬತ್ತೊಂದನ್ನು ಕರೆಯಿರಿ ಎನ್ನುವರು. ಅವನು ತಿರುಪುಳಿಗಳ ಚೀಲ ನೇತುಹಾಕಿಕೊಂಡು, ಏದುಸಿರು ಬಿಡುತ್ತಾ ಬರುವನು.

ಈ ಹೆಸರು ಬಂದದ್ದಕ್ಕೂ ಒಂದು ಕತೆಯಿದೆ. ಯಂತ್ರ ರಿಪೇರಿಯಾದ ಮೇಲೆ ಅದರ ಮೇಲೆ ತೂಕದ ಕಲ್ಲುಗಳನ್ನಿಟ್ಟು ಮುಳ್ಳು ಸರಿಯಾದ ಅಂಕಿಗೆ ನಿಲ್ಲುತ್ತದೆಯೇ ಎಂದು ನೋಡಬೇಕು. ಕಬ್ಬಿಣದ್ದೇ ಆದರೂ ಕಸುಬಿನವರು ಅದನ್ನು ಕಲ್ಲು ಎಂದೇ ಕರೆಯುವುದು. ಇವನಲ್ಲಿ ಇಪ್ಪತ್ತು ಕಿಲೋದ ನಾಲ್ಕು ಕಲ್ಲುಗಳಿದ್ದವು. ನಾಲ್ಕು ವರ್ಷದ ಹಿಂದೆ ಅವುಗಳಿಗೆ ಸರ್ಕಾರಿ ಮುದ್ರೆ ಹಾಕಿಸಲು ಹೋದಾಗ, ಸುಮ್ಮನೆ ಕೂರಲಾರದೆ ಅಲ್ಲಿನ ದೊಡ್ಡ ಯಂತ್ರದ ಮೇಲೆ ಹತ್ತಿ ನಿಂತ. ಎಂಬತ್ತೊಂದು ತೋರಿಸಿತು. ಅವನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಎಂಬತ್ತೊಂದು ಕಿಲೋ ತನ್ನ ಕಾಲ ಮೇಲೆ ತಾನೇ ನಡೆದುಕೊಂಡು ಹೋಗುವಾಗ, ಎಂಬತ್ತು ಕಿಲೋ ಕಬ್ಬಿಣ ಹೊತ್ತು ಸಾಯುವುದೇಕೆ? ಕಲ್ಲುಗಳು ಮಂಚದ ಕೆಳಗೆ ಸೇರಿದವು. ಅಂದಿನಿಂದ ದೊಡ್ಡ ಯಂತ್ರಗಳ ಮೇಲೆ ತಾನೇ ಹತ್ತಿ ನಿಲ್ಲುವುದು, ಇಳಿದು ತಿರುಪು ತಿರುಗಿಸುವುದು, ಮತ್ತೆ ಹತ್ತುವುದು, ಮುಳ್ಳು ಎಂಬತ್ತೊಂದಕ್ಕೆ ಬಂದು ನಿಂತರೆ ಕೈ ಒರೆಸಿಕೊಳ್ಳುವುದು. ನಾವು ಬುದ್ಧಿವಂತಿಕೆ ಎಂದು ಕರೆಯುವುದರಲ್ಲಿ ಮುಕ್ಕಾಲು ಪಾಲು ಸೋಮಾರಿತನವೇ ಇರುತ್ತದೆ.

ನಾಲ್ಕು ವರ್ಷದಲ್ಲಿ ಮನುಷ್ಯ ಅಷ್ಟೇ ಇರುತ್ತಾನೆಯೇ ಎಂದು ನೀವು ಕೇಳಬಹುದು. ಅವನು ಕೇಳಿಕೊಳ್ಳಲಿಲ್ಲ. ಅದೇ ಪ್ಯಾಂಟುಗಳು ಸೊಂಟಕ್ಕೆ ಕೂಡುತ್ತಿದ್ದವಲ್ಲ, ಇನ್ನೇನು ಬೇಕು? ಕ್ಲಿನಿಕ್ಕಿನ ಡಾಕ್ಟರಮ್ಮ ಒಮ್ಮೆ ರಕ್ತ ನೋಡಿ, ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ, ದಿನಾ ನಡೀರಿ, ಕರಿದದ್ದು ಬಿಡಿ ಎಂದಿದ್ದರು. ನಡೆಯುವುದಕ್ಕೆಂದು ಬೂಟು ಕೊಂಡ. ಬೂಟು ಡಬ್ಬದಲ್ಲೇ ಉಳಿಯಿತು. ಹೆಂಡತಿ ನೆನಪಿಸಿದಾಗಲೆಲ್ಲ ನಾಳೆಯಿಂದ ಎನ್ನುತ್ತಿದ್ದ. ನಾಳೆ ಎಂದವನ ಮನೆ ಹಾಳು ಎಂಬ ಗಾದೆ ಅವನಿಗೂ ಗೊತ್ತಿತ್ತು. ಆದರೆ ಗಾದೆಗಳು ಇರುವುದು ಪಕ್ಕದ ಮನೆಯವರಿಗೆ ಹೇಳುವುದಕ್ಕೆ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೂರನೇ ಮಹಡಿಯ ಮನೆಯ ಬಾಗಿಲ ಪಕ್ಕ, ಬೆಳಕಿಗೆ ಮುಖ ಮಾಡಿಕೊಂಡು ಅವಳ ಹೊಲಿಗೆ ಯಂತ್ರ. ಬಗ್ಗಿ ಬಗ್ಗಿ ಕತ್ತು ನೋವು ಬಂದು ಕ್ಲಿನಿಕ್ಕಿಗೆ ಹೋಗಿದ್ದಳು. ಅಂದು ಅವಳ ತೂಕ ಅರವತ್ತು. ಎರಡು ತಿಂಗಳ ಮೇಲೆ ನೋವು ಮರುಕಳಿಸಿತು. ಗಂಡನನ್ನೂ ಕರೆದುಕೊಂಡು ಮತ್ತೆ ಹೋದಳು. ನರ್ಸಮ್ಮ ಯಂತ್ರದ ಮೇಲೆ ನಿಲ್ಲಿಸಿದರು. ಐವತ್ತನಾಲ್ಕು.

ಡಾಕ್ಟರಮ್ಮ ಹಳೆಯ ಚೀಟಿಯನ್ನೂ ಹೊಸ ಚೀಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಊಟ ಸೇರುತ್ತಾ, ಜ್ವರ ಬರುತ್ತಾ ಎಂದೆಲ್ಲ ಕೇಳಿದರು. ಏನೂ ಮಾಡದೆ ಎರಡು ತಿಂಗಳಲ್ಲಿ ಆರು ಕಿಲೋ ಇಳಿಯುವುದು ಒಳ್ಳೆಯದಲ್ಲ ಎಂದು ಮೆಲ್ಲಗೆ ಹೇಳಿ, ರಕ್ತಕ್ಕೂ ಸ್ಕ್ಯಾನಿಗೂ ಬರೆದುಕೊಟ್ಟರು. ಎಲ್ಲ ರಿಪೋರ್ಟು ಕೈಗೆ ಬರಲು ಒಂಬತ್ತು ದಿನ. ಯಾವ ಕಾಯಿಲೆ ಇರಬಹುದೆಂದು ಅವರು ಹೇಳಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಆ ಒಂಬತ್ತು ದಿನ ಅವನು ಮುಳ್ಳಿನ ಮೇಲೆ ಕೂತಂತೆ ಇದ್ದ. ಕೂತರೆ ಏಳುವನು, ಎದ್ದರೆ ಎಲ್ಲಿಗೆಂದು ತಿಳಿಯದೆ ಮತ್ತೆ ಕೂರುವನು. ಅಡುಗೆಮನೆಗೆ ಹೋಗಿ ಡಬ್ಬದ ಮುಚ್ಚಳ ತೆಗೆದು ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳುವನು. ಅವಳ ತಟ್ಟೆಗೆ ಬಡಿಸಿದ ಮೇಲೂ ಬಡಿಸುವನು. ಅವಳು ಬಿಟ್ಟದ್ದನ್ನು ತಾನೇ ತಿಂದು ಮುಗಿಸುವನು. ಪಾರ್ಸೆಲ್ ಆಫೀಸಿನ ಕೆಲಸಕ್ಕೆ ಹೋಗಿ ಯಂತ್ರ ಬಿಚ್ಚಿಟ್ಟು, ಜೋಡಿಸುವುದನ್ನು ಮರೆತು ಮನೆಗೆ ಬಂದ. ಅವಳು ಬಾಗಿಲ ಪಕ್ಕ ಕೂತು ಹೊಲಿಯುತ್ತಿದ್ದಾಳೆಯೇ ಎಂದು ನೋಡುವುದಕ್ಕೇ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿದ. ಅವಳಿಲ್ಲದ ಮನೆಯನ್ನು ಊಹಿಸಿಕೊಳ್ಳಲು ಹೊರಟು, ಅರ್ಧಕ್ಕೇ ಬಿಟ್ಟು, ಮೂಲೆಯಲ್ಲಿ ಏನೋ ಹುಡುಕುವವನಂತೆ ನಟಿಸಿದ.

ಅವಳು ಮಾತ್ರ ಅಳತೆ ಟೇಪನ್ನು ಸೊಂಟಕ್ಕೆ ಸುತ್ತಿಕೊಂಡು ನೋಡಿದಳು.

“ಆರು ಕಿಲೋ ಇಳಿದಿದ್ರೆ ನನ್ನ ಬಟ್ಟೆ ಸಡಿಲ ಆಗ್ಬೇಕಿತ್ತಲ್ವಾ? ಒಂದು ಬೆರಳಷ್ಟೂ ಆಗಿಲ್ಲ ನೋಡಿ.”

“ನಿನ್ನ ಟೇಪು ಹಳೇದು ಕಣೇ. ಕ್ಲಿನಿಕ್ಕಿನ ಯಂತ್ರ ಸುಳ್ಳು ಹೇಳಲ್ಲ. ಹೋದ ತಿಂಗಳು ನಾನೇ ರಿಪೇರಿ ಮಾಡಿದ್ದು,” ಎಂದ.

ಒಂಬತ್ತನೆಯ ದಿನ, ರಿಪೋರ್ಟು ಮಧ್ಯಾಹ್ನ ಬರುತ್ತದೆ ಎಂದಿದ್ದರೂ, ಬೆಳಿಗ್ಗೆಯೇ ಒಬ್ಬನೇ ಹೋಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ. ಡಾಕ್ಟರಮ್ಮ ಇನ್ನೂ ಬಂದಿರಲಿಲ್ಲ. ಯಂತ್ರದ ಮುಂದೆ ನಾಲ್ಕೈದು ಜನ. ಬಸ್ ಡ್ರೈವರೊಬ್ಬ ಯಂತ್ರದಿಂದ ಇಳಿದು ಬಂದು, ಎಂಟು ಕಿಲೋ ಇಳಿಸಿದ್ದೇನೆ ಎಂದು ಬೆಂಚಿನವರಿಗೆಲ್ಲ ಸಾರಿದ. ಏನು ಮಾಡಿದಿರಿ ಎಂದು ಯಾರೋ ಕೇಳಿದರೆ, ರಾತ್ರಿಯ ಅನ್ನದಲ್ಲಿ ಒಂದು ಹಿಡಿ ಕಮ್ಮಿ ಮಾಡಿದೆ ಎಂದ. ಅವನ ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ಜಗಳವಾಡುತ್ತಲೇ ಇತ್ತು. ಬೆಲ್ಟು ಸವೆದು ಬಿಳಿಚಿದ ಹಳೆಯ ತೂತಿನಲ್ಲೇ ಇತ್ತು. ಈ ತಿಂಗಳು ಎಲ್ಲರದ್ದೂ ಇಳಿದಿದೆ, ನಮ್ಮ ಡಾಕ್ಟರಮ್ಮನ ಕೈಗುಣ ಎಂದು ನರ್ಸಮ್ಮ ಹೆಮ್ಮೆಪಟ್ಟರು. ಯಂತ್ರದ್ದೇನೂ ತಪ್ಪಿಲ್ಲ, ಖಾಲಿ ಇದ್ದಾಗ ಮುಳ್ಳು ಸೊನ್ನೆಯಲ್ಲೇ ನಿಲ್ಲುತ್ತದೆ ಎಂದೂ ಸೇರಿಸಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಎಂಬತ್ತೊಂದು ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಸೊನ್ನೆ ಸರಿಯಿದ್ದ ಮಾತ್ರಕ್ಕೆ ಮೇಲಿನ ಅಂಕಿಗಳು ಸರಿಯಿರಬೇಕೆಂದಿಲ್ಲ. ಈ ಕಸುಬಿನ ಮೊದಲ ಪಾಠವೇ ಅದು. ಹೋದ ತಿಂಗಳು ಇದೇ ಯಂತ್ರದ ಮೇಲೆ ನಿಂತಾಗ ಮುಳ್ಳು ಎಂಬತ್ತೊಂದನ್ನು ದಾಟಿ ದೂರ ಓಡಿತ್ತು. ಯಂತ್ರಕ್ಕೆ ತಲೆ ಕೆಟ್ಟಿದೆ ಎಂದುಕೊಂಡು, ತಿರುಪು ತಿರುಗಿಸಿ ತಿರುಗಿಸಿ ಅದನ್ನು ಹಿಂದಕ್ಕೆ ಎಳೆದು ತಂದಿದ್ದ.

ಅವನು ಓಡಿದ. ಓಡುವುದೆಂದರೇನೆಂದು ಅವನ ಕಾಲುಗಳಿಗೆ ಮರೆತೇ ಹೋಗಿತ್ತು, ಆದರೂ ಓಡಿದ. ಹೆಂಡತಿ ಬಟ್ಟೆ ಕೊಟ್ಟುಬರಲು ಹೊರಗೆ ಹೋಗಿದ್ದಳು. ಮಂಚದ ಕೆಳಗಿನಿಂದ ಧೂಳು ಹಿಡಿದ ಮೂರು ಕಲ್ಲುಗಳನ್ನು ಎಳೆದು, ಒಂದೊಂದಾಗಿ ಕೆಳಗಿಳಿಸಿ, ಆಟೋದಲ್ಲಿ ಹಾಕಿಕೊಂಡು ಬಂದ. ಕ್ಲಿನಿಕ್ಕು ಎರಡನೇ ಮಹಡಿಯಲ್ಲಿ, ನಲವತ್ತೆರಡು ಮೆಟ್ಟಿಲು. ಹೋದ ತಿಂಗಳು ಕಲ್ಲು ತರದೆ ಬಂದದ್ದು ಈ ಮೆಟ್ಟಿಲುಗಳಿಗೆ ಹೆದರಿಯೇ. ಈಗ ಒಂದು ಕಲ್ಲು ಹೊತ್ತು ಹತ್ತಿದ, ಗೋಡೆಗೆ ಒರಗಿ ನಿಂತ, ಇಳಿದ, ಇನ್ನೊಂದನ್ನು ಹೊತ್ತ. ಮೂರನೆಯದು ಮೇಲೆ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿ, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಮೂರನ್ನೂ ಒಂದರ ಮೇಲೊಂದು ಪೇರಿಸಿದ. ಅರವತ್ತು ಕಿಲೋ ಕಬ್ಬಿಣ. ಮುಳ್ಳು ತೂಗಾಡಿ ತೂಗಾಡಿ, ಐವತ್ತನಾಲ್ಕಕ್ಕೆ ಬಂದು ನಿಂತಿತು.

ಅವನು ನೆಲದ ಮೇಲೆ ಕೂತು ಆ ಕಲ್ಲುಗಳನ್ನು ತಬ್ಬಿಕೊಂಡು ಅತ್ತ. ಅವಳಿಗೆ ಏನೂ ಆಗಿರಲಿಲ್ಲ. ನರ್ಸಮ್ಮ ನೀರು ತಂದುಕೊಟ್ಟರು. ಡ್ರೈವರು ಏನೂ ಅರ್ಥವಾಗದೆ ಬೆಲ್ಟು ಸರಿಮಾಡಿಕೊಂಡ. ಆಮೇಲೆ ಅವನು ಕಣ್ಣೊರೆಸಿಕೊಂಡು, ಮುಳ್ಳು ಅರವತ್ತಕ್ಕೆ ಬರುವವರೆಗೆ ತಿರುಪು ತಿರುಗಿಸಿದ, ಕಲ್ಲು ಇಳಿಸಿ ತಾನು ಹತ್ತಿದ. ತೊಂಬತ್ತು. ಇಳಿದು ಮತ್ತೆ ಹತ್ತಿದ. ತೊಂಬತ್ತೇ.

ಡಾಕ್ಟರಮ್ಮ ಬಂದಾಗ ತಪ್ಪನ್ನೆಲ್ಲ ಒಪ್ಪಿಕೊಂಡ. ಅವರು ಬೈದರು, ಬೈಯಬೇಕಾದಷ್ಟೇ ಬೈದರು. ಮಧ್ಯಾಹ್ನ ಬಂದ ರಿಪೋರ್ಟಿನಲ್ಲೂ ಹೆದರುವಂಥದ್ದು ಏನೂ ಇರಲಿಲ್ಲ. ಕತ್ತು ನೋವು ಹೊಲಿಗೆಯದ್ದೇ. ಲಕೋಟೆ ಕಿಸೆಯಲ್ಲಿಟ್ಟುಕೊಂಡು, ಮೂರು ಕಲ್ಲುಗಳನ್ನೂ ಆಟೋದಲ್ಲಿ ಹಾಕಿಕೊಂಡು ಮನೆಗೆ ಹೊರಟ.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಸಿಟ್ಟಾಗುತ್ತಾಳೆ, ಇಲ್ಲವೇ ನಗುತ್ತಾಳೆ ಎಂದು ಅವನು ಕಾದ. ಅವಳು ಎದ್ದು ಅವನ ಪ್ಯಾಂಟೊಂದನ್ನು ತಂದು, ಒಳಬದಿ ಹೊರಗೆ ಮಾಡಿ ಮಡಿಲಲ್ಲಿ ಹರಡಿದಳು. ಹಿಂಬದಿಯ ಹೊಲಿಗೆಯ ಪಕ್ಕದಲ್ಲಿ ಹಳೆಯ ಹೊಲಿಗೆಗಳ ಗುರುತು, ಒಂದು, ಎರಡು, ಮೂರು. ವರ್ಷಕ್ಕೊಂದು ಸಲ, ಅವನಿಗೆ ಬೇಜಾರಾಗಬಾರದೆಂದು, ಹೇಳದೆ ಕೇಳದೆ ಬಿಚ್ಚಿ ಸಡಿಲಿಸಿದ್ದಳು.

“ಇದು ನನ್ನ ತಪ್ಪು,” ಎಂದಳು. “ಇನ್ನು ಬಿಚ್ಚೋಣ ಅಂದ್ರೂ ಒಳಗೆ ಬಟ್ಟೆ ಉಳಿದಿಲ್ಲ.”

ಅವನು ನಗಲು ನೋಡಿದ. “ಹೋಗ್ಲಿ ಬಿಡು. ನಿನಗೇನೂ ಆಗಿಲ್ಲವಲ್ಲ, ಅಷ್ಟು ಸಾಕು. ಈ ಒಂಬತ್ತು ದಿನ ನನ್ನ ಪ್ರಾಣ ನನ್ನ ಕೈಯಲ್ಲಿರಲಿಲ್ಲ ಕಣೇ.”

ಅವಳು ಪ್ಯಾಂಟನ್ನು ಮಡಚಿದಳು, ಮತ್ತೆ ಬಿಡಿಸಿದಳು, ಮತ್ತೆ ಮಡಚಿದಳು.

“ನಿಮಗೆ ಒಂಬತ್ತು ದಿನ. ನೀವು ಮೆಟ್ಟಿಲು ಹತ್ತಿ ಬರೋದನ್ನ ನಾನು ಇಲ್ಲಿ ಕೂತು ಕೇಳಿಸ್ಕೊಳ್ತೀನಿ. ಮೊದ್ಲು ಎಲ್ಲೂ ನಿಲ್ತಿರ್ಲಿಲ್ಲ. ಆಮೇಲೆ ಒಂದ್ಸಲ ನಿಲ್ತಿದ್ರಿ. ಈಗ ಮೂರು ಸಲ. ನೀವು ನಿಂತಾಗೆಲ್ಲ ಹೊಲಿಗೆ ನಿಲ್ಲಿಸ್ತೀನಿ. ಮತ್ತೆ ಹೆಜ್ಜೆ ಸದ್ದು ಕೇಳೋವರ್ಗೂ ನನ್ನ ಪ್ರಾಣ ಎಲ್ಲಿರುತ್ತೋ ನನಗೇ ಗೊತ್ತಿಲ್ಲ. ನನಗೆ ನಾಲ್ಕು ವರ್ಷದಿಂದ ಹೀಗೇ ಇದೆ.”

ಡಾಕ್ಟರು ಹೇಳಿದ್ದು, ಬೂಟಿಗೆ ಕೊಟ್ಟ ದುಡ್ಡು, ಗಾದೆ, ಯಾವುದೂ ನಾಟದ ಜಾಗದಲ್ಲಿ ಆ ಮಾತು ಹೋಗಿ ನಾಟಿತ್ತು. ತಾನು ಒಂಬತ್ತು ದಿನ ತಡೆಯಲಾರದೆ ಒದ್ದಾಡಿದ್ದನ್ನು ಇವಳು ನಾಲ್ಕು ವರ್ಷ, ಕಾಲಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾ, ಒಬ್ಬಳೇ ತಡೆದುಕೊಂಡಿದ್ದಳು.

ಅವನು ತನ್ನ ದೇಹದ ತೂಕ ನಂಬಿ ಸರಿಮಾಡಿದ ಯಂತ್ರಗಳು ಊರಲ್ಲಿ ಇನ್ನೂ ಹನ್ನೊಂದಿದ್ದವು. ಮರುದಿನ ಬೆಳಿಗ್ಗೆ ಡಬ್ಬದಿಂದ ಬೂಟು ತೆಗೆದು ಹಾಕಿಕೊಂಡ. ಬಗ್ಗಿ ದಾರ ಕಟ್ಟುವಷ್ಟರಲ್ಲೇ ಉಸಿರು ಮೇಲೆ ಬಂತು. ಒಂದು ಕಲ್ಲನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದ. ಗಿರಣಿ ಹತ್ತಿರವೇ, ನಾಲ್ಕು ಸಲ ಹೋಗಿ ಬಂದರೆ ನಾಲ್ಕೂ ಕಲ್ಲು ಅಲ್ಲಿರುತ್ತವೆ ಎಂದು ಲೆಕ್ಕ ಹಾಕಿಕೊಂಡ.

ನಾಲ್ಕನೆಯ ಕಲ್ಲಿಗೆಂದು ಮನೆಗೆ ಬರುವಾಗ ಮೊದಲನೇ ಮಹಡಿಯಲ್ಲಿ ಉಸಿರು ಕಟ್ಟಿ ನಿಂತ. ಮೇಲೆ ಹೊಲಿಗೆ ಯಂತ್ರದ ಸದ್ದು ತಟ್ಟನೆ ನಿಂತಿತು. ಇಷ್ಟು ವರ್ಷ ಅವನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ. ಕಂಬಿ ಹಿಡಿದುಕೊಂಡು, ಕುತ್ತಿಗೆ ಎತ್ತಿ, ತಾನು ಇಲ್ಲೇ ಇದ್ದೇನೆ, ಬರುತ್ತಿದ್ದೇನೆ ಎಂದು ಕೂಗಿ ಹೇಳಿ, ಮುಂದಿನ ಮೆಟ್ಟಿಲಿಗೆ ಕಾಲಿಟ್ಟ.