ಡಾಕ್ಟರರ ಸ್ವರದಲ್ಲಿ ಕೇಳಿದ ಒಪ್ಪಿಗೆ

ಸೆಲಿನ್ ಬಾಯಿಗೆ ಅಂದು ಫೋನ್ ಮಾಡಿದ್ದು ಡಾಕ್ಟರಲ್ಲ, ನಾನು. ಅವರ ಸ್ವರ ಕದ್ದು — ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಸದ್ದನ್ನೂ ಬಿಡದೆ — ನಾನೇ ಮಾತಾಡಿದ್ದು.

ಕೆಲವು ವರ್ಷಗಳ ಹಿಂದೆ ಮಣಿಪಾಲದಲ್ಲಿ ಆ ಡಾಕ್ಟರು ನಡೆಸುತ್ತಿದ್ದ ಗುದನಾಳದ ಕ್ಯಾನ್ಸರಿನ ಅಧ್ಯಯನವೊಂದಕ್ಕೆ ನಾನು ಸಹಾಯಕ. ಗಡ್ಡೆಯೊಳಗೆ ಆಮ್ಲಜನಕ ಕಡಿಮೆಯಿದ್ದರೆ ವಿಕಿರಣ ಚಿಕಿತ್ಸೆ ಅಲ್ಲಿ ಸರಿಯಾಗಿ ನಾಟುವುದಿಲ್ಲ. ಎಲ್ಲಿ ಕಡಿಮೆ ಎಂದು ನೋಡಲು, ಚಿಕಿತ್ಸೆಗೆ ಮೊದಲು ಇನ್ನೊಂದು ಎಂಆರ್‌ಐ ಬೇಕಿತ್ತು. ರೋಗಿಗೆ ಅದರಿಂದ ಲಾಭವಿಲ್ಲ. ಒಪ್ಪುವುದು, ಬಿಡುವುದು ಅವರಿಷ್ಟ. ಆ ಒಪ್ಪಿಗೆ ಕೇಳುವುದು ನನ್ನ ಕೆಲಸ. ಮಿಮಿಕ್ರಿ ನನ್ನ ಚಟ — ನರ್ಸ್, ಲಿಫ್ಟಿನವರು, ಕನ್ನಡಿ ಮುಂದೆ ತಲೆ ಬಾಚುವ ನಾನು, ಯಾರನ್ನೂ ಬಿಟ್ಟವನಲ್ಲ.

ರೋಗಿಗಳಲ್ಲೊಬ್ಬರು, ಕಾಪು ಕಡೆ ಮಲ್ಲಿಗೆ ಬೆಳೆಯುವ ಸೆಲಿನ್ ಬಾಯಿ. ಅವರಿಗೆ ಆ ಯಂತ್ರದ ಕೊಳವೆಯೆಂದರೆ ಭಯ. "ಡಾಕ್ಟರೇ ಹೇಳಿದ್ರೆ ನೋಡುವ," ಅಂದರು. ಡಾಕ್ಟರು ಊರಲ್ಲಿರಲಿಲ್ಲ. ಅಧ್ಯಯನದ ಚಿಂತೆ ಎನ್ನಲೇ? ಅಲ್ಲ — ನನ್ನಿಂದಾಗುತ್ತದೆಯೇ ಎಂದು ನೋಡುವ ಹುಕಿ.

"ಬಾಯಿ, ಹೆದರಬೇಡಿ. ನನಗೋಸ್ಕರ ಒಂದು ಸಲ."

ಮರುದಿನ ಬಂದು ಸಹಿ ಹಾಕಿದರು. ಕೊಳವೆಯೊಳಗೆ ನಡುಗುವ ದನಿಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥಿಸುತ್ತಿದ್ದರು. ಹೊರಗೆ ಕೂತ ನನಗೆ ಮೈಕಿನಲ್ಲಿ ಎಲ್ಲವೂ ಕೇಳುತ್ತಿತ್ತು. ಆಗಲೂ — ಫೋನ್ ಮಾಡಿದ್ದು ನಾನೆಂದು ಹೇಳಲಿಲ್ಲ.

ಈಗ ಅವರು ಗುಣವಾಗಿದ್ದಾರೆ. ಅದರಲ್ಲಿ ನನ್ನ ಪಾಲು ಏನೂ ಇಲ್ಲ. ಈಚೆಗೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಮೊಗ್ಗು ಕಟ್ಟುತ್ತಿದ್ದರು. ಹೇಳಿದೆ. ಬೆರಳು ನಿಂತಿತು.

"ಅಷ್ಟು ಪ್ರೀತಿಯಲ್ಲಿ ಮಾತಾಡಿದ್ದು ನೀನಾ? ನಾನು ಎಣಿಸಿದ್ದೆ, ಡಾಕ್ಟರು ಫೋನಲ್ಲಿ ಮಾತ್ರ ಒಳ್ಳೆಯವರು ಅಂತ."

ನಗುತ್ತಾರೆಂದು ಕಾದೆ. ನಗಲಿಲ್ಲ.

"ಈಗ ನಿನ್ನ ಸ್ವರದಲ್ಲಿ ಕೇಳು."

ಆ ಸ್ಕ್ಯಾನ್ ಅಧ್ಯಯನದಲ್ಲಿ ಉಳಿಯಬಹುದೇ ಎಂದು ಕೇಳಿದೆ. ನನ್ನ ಸ್ವರ ಇಷ್ಟು ತೆಳ್ಳಗೆಂದು ನನಗೇ ಗೊತ್ತಿರಲಿಲ್ಲ.

"ಬೇಡ," ಅಂದರು. "ಅವತ್ತೂ ಬೇಡ ಅಂತಲೇ ಹೇಳ್ಲಿಕ್ಕಿತ್ತು. ನೀನು ಬಿಡ್ಲಿಲ್ಲ ಮಾರಾಯ. ಕೂತ್ಕೊ, ಚಾ ಉಂಟು."

ಡಾಕ್ಟರರಿಗೂ ಎಲ್ಲ ಹೇಳಿದೆ. ಗಂಟಲು ಸರಿಮಾಡಿಕೊಂಡರು. ಆ ಸ್ಕ್ಯಾನನ್ನು ಅಧ್ಯಯನದಿಂದ ತೆಗೆದರು. ಒಪ್ಪಿಗೆ ಕೇಳುವ ಕೆಲಸದಿಂದ ನನ್ನನ್ನೂ ತೆಗೆದರು. ಸರಿಯೇ. ಈಗ ಕಂಪ್ಯೂಟರಿನ ಮುಂದೆ ಕೂತು ಉಳಿದವರ ಗಡ್ಡೆಗಳಲ್ಲಿ ಉಸಿರಿಲ್ಲದ ಜಾಗ ಹುಡುಕುತ್ತೇನೆ. ನೆಮ್ಮದಿಯಾಗಿಯೇ ಇದ್ದೇನೆ. ಲಿಫ್ಟಿನವರ ಮಿಮಿಕ್ರಿ ಈಗಲೂ ಉಂಟು, ಡಾಕ್ಟರರದು ಇಲ್ಲ. ಆದರೆ ಮೈಕಿನಲ್ಲಿ ಕೇಳಿದ ಆ ಪ್ರಾರ್ಥನೆ — ಅದನ್ನು ತೆಗೆಯುವವರು ಯಾರೂ ಇಲ್ಲ.