ಗಂಗಕ್ಕನ ಆಟ

ನೆನೆದ ಕಂಬಳಿಯ ವಾಸನೆ ಎಲ್ಲಿ ಬಂದರೂ ನನಗೆ ತೆಲುಗು ಸೀಮೆಯ ಪೆದ್ದಹರಿವಾಣಂನ ನಮ್ಮ ಮನೆಯೇ ನೆನಪಾಗುತ್ತದೆ. ಅಂಗಳದ ತುಂಬ ಕುರಿ, ಗೋಡೆಗೆ ಒರಗಿಸಿಟ್ಟ ಅಪ್ಪನ ಕೋಲು, ಹೊಗೆಯಾಡುವ ಒಲೆಯ ಮೇಲೆ ಕುದಿಯುವ ಚಹಾ, ಆ ಗದ್ದಲದ ನಡುವೆ ತೆಲುಗು ಪಾಠ ಗಟ್ಟಿಯಾಗಿ ಓದುತ್ತಿದ್ದ ನಾವಿಬ್ಬರು ಅಕ್ಕತಂಗಿಯರು. ಈಗ ಅಪ್ಪ ಇಲ್ಲ, ಕುರಿಗಳಿಲ್ಲ, ಮನೆಯಿದ್ದ ಜಾಗದಲ್ಲಿ ಯಾರದೋ ಗೋದಾಮು ನಿಂತಿದೆ. ನನಗಿಂತ ಎರಡು ವರ್ಷ ದೊಡ್ಡವಳಾದ ಗಂಗಕ್ಕನೂ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಮೊನ್ನೆ ಟೀವಿಯಲ್ಲಿ ಸೂಟು ತೊಟ್ಟವನೊಬ್ಬ ದೊಡ್ಡ ಫುಟ್‌ಬಾಲ್ ಆಟಗಾರನಿಗೆ ಇರಬೇಕಾದ ಗುಣಗಳನ್ನು ಹೇಳುತ್ತಿದ್ದ. ಎತ್ತರವಂತೆ, ವೇಗವಂತೆ, ಎದುರಾಳಿಯನ್ನು ತುಳಿದುಕೊಂಡು ಹೋಗುವ ಛಲವಂತೆ. ಮೈಯೆಲ್ಲ ಉರಿದು ಟೀವಿ ಆರಿಸಿಬಿಟ್ಟೆ.

ನಮ್ಮಕ್ಕ ಕುಳ್ಳಿ. ಓಟದಲ್ಲಿ ನನಗೂ ಸೋಲುತ್ತಿದ್ದಳು. ಆದರೆ ಶಾಲೆಯ ಮೈದಾನದಲ್ಲಿ ಅವಳಂಥವಳು ಇನ್ನೊಬ್ಬಳಿರಲಿಲ್ಲ. ರಜೆಯಲ್ಲಿ ಹಾಲಹರವಿಯ ಕಡೆ ಕುರಿ ಹೊಡೆದುಕೊಂಡು ಹೋಗುವಾಗ ಅಪ್ಪ ನಮಗೆ ಕಲಿಸಿದ್ದು ಒಂದೇ: "ಕುರಿ ಹಿಂದ ಓಡಬ್ಯಾಡವ್ವ. ಅದರ ತಲಿ ಯಾ ಕಡಿ ತಿರುಗೈತಿ ನೋಡು, ಅಲ್ಲಿ ಮೊದಲ ಹೋಗಿ ನಿಂದ್ರು." ಅಕ್ಕ ಆಟದಲ್ಲೂ ಹಾಗೇ. ನಾವೆಲ್ಲ ಚೆಂಡಿನ ಹಿಂದೆ ಗುಂಪಾಗಿ ಓಡಿ ಏದುಸಿರು ಬಿಡುವಾಗ ಅವಳು ಅದು ಬರುವ ಜಾಗದಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಬಂದದ್ದನ್ನು ತನ್ನ ಬಳಿ ಇಟ್ಟುಕೊಳ್ಳುತ್ತಲೂ ಇರಲಿಲ್ಲ; ಒಮ್ಮೆ ಎಲ್ಲರನ್ನೂ ನೋಡಿ, ಕೈಗೆ ಕೊಟ್ಟಷ್ಟು ಹದವಾಗಿ ನನ್ನ ಕಾಲಿಗೆ ತಳ್ಳುತ್ತಿದ್ದಳು. ನಾನು ಒದೆಯುತ್ತಿದ್ದೆ, ಗೋಲಾಗುತ್ತಿತ್ತು, ಚಪ್ಪಾಳೆಯೆಲ್ಲ ನನಗೆ.

ಅವಳು ಹತ್ತನೇ ತರಗತಿಯಲ್ಲಿದ್ದಾಗ ಆದೋನಿಯಲ್ಲಿ ಜಿಲ್ಲಾ ತಂಡಕ್ಕೆ ಹುಡುಗಿಯರ ಆಯ್ಕೆ ನಡೆಯಿತು; ನಾವಿಬ್ಬರೂ ಹೋಗಿದ್ದೆವು. ಆಯ್ಕೆಯಾದರೆ ಕರ್ನೂಲಿನ ಹಾಸ್ಟೆಲಿನಲ್ಲಿದ್ದು ಮುಂದೆ ಓದಬಹುದಿತ್ತು. ಇಲ್ಲವಾದರೆ ಅಕ್ಕನ ಓದು ಅಲ್ಲಿಗೇ ಮುಗಿಯುತ್ತಿತ್ತು. ಚಿಪ್ಪಗಿರಿಯ ವರ ಆಗಲೇ ಬಂದು ನೋಡಿಕೊಂಡು ಹೋಗಿದ್ದ. ಆ ದಿನ ನಾನು ಹೊಡೆದ ಎರಡು ಗೋಲೂ ಅವಳ ಪಾಸಿನಿಂದಲೇ ಬಂದವು. ಕೊನೆಗೆ ಚೆಂಡು ಅವಳ ಕಾಲಲ್ಲೇ ಇತ್ತು, ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಅಷ್ಟರಲ್ಲಿ ಅಡ್ಡ ಬಂದ ಎದುರು ತಂಡದ ಹುಡುಗಿ ಕಾಲು ಉಳುಕಿ ಬಿದ್ದಳು. ಒಂದು ಕುರಿ ಕುಂಟಿದರೂ ಇಡೀ ಮಂದೆಯನ್ನು ನಿಲ್ಲಿಸುವುದು ನಮ್ಮ ಮನೆಯ ರೂಢಿ. ಅಕ್ಕ ಚೆಂಡನ್ನು ಮೈದಾನದ ಹೊರಗೆ ಒದ್ದಳು, ಅಲ್ಲೇ ಕುಳಿತು ಆ ಹುಡುಗಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೀವತೊಡಗಿದಳು. "ಅಳಬ್ಯಾಡ, ಮುರಿದಿಲ್ಲ, ಉಳುಕೈತಿ ಅಷ್ಟ."

ಆಯ್ಕೆ ಮಾಡಲು ಬಂದಿದ್ದ ಸಾರ್ "ಈ ಅಮ್ಮಾಯಿಕಿ ಕಸಿ ಲೇದು" ಎಂದು ತೆಲುಗಿನಲ್ಲಿ ಹೇಳಿ ನಕ್ಕರು. ಈ ಹುಡುಗಿಗೆ ಛಲವೇ ಇಲ್ಲವಂತೆ! ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅವಳದಿರಲಿಲ್ಲ. ಮನೆಯಲ್ಲಿ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಅದ್ರಾಗ ಆಕಿ ತಪ್ಪೇನೈತಿ?" ಎಂದು ಮತ್ತೆ ಮತ್ತೆ ಕೇಳಿದ. ನನಗೆ ಇಂದಿಗೂ ಸಿಟ್ಟು ಇಳಿದಿಲ್ಲ. ಇಡೀ ಮೈದಾನವನ್ನು ಅಂಗೈಯಂತೆ ಕಂಡವಳು ಆ ಮನುಷ್ಯನ ಕಣ್ಣಿಗೆ ಬೀಳಲೇ ಇಲ್ಲವಲ್ಲ! ಆದರೆ ಅವನನ್ನು ಬೈದು ನಾನು ಪಾರಾಗುವಂತಿಲ್ಲ. ಆ ಗೋಲುಗಳು ಅಕ್ಕನವು ಸಾರ್ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಿದರೆ ನನ್ನ ಹೆಸರೂ ಹೋದೀತೆಂದು ಹೆದರಿ ಬಾಯಿ ಮುಚ್ಚಿಕೊಂಡಿದ್ದೆ.

ನಾನು ಹೊರಟ ದಿನ ಅಕ್ಕ ಆದೋನಿ ಬಸ್‌ಸ್ಟ್ಯಾಂಡಿನವರೆಗೆ ನನ್ನ ಚೀಲ ಹೊತ್ತು ತಂದಳು. ಅಳಲಿಲ್ಲ, ಒಂದು ಕೊಂಕು ಮಾತೂ ಆಡಲಿಲ್ಲ. ಬಸ್ಸಿನ ಕಿಟಕಿಯ ಸರಳು ಹಿಡಿದು, "ಖಾಲಿ ಜಾಗ ನೋಡಿ ಓಡು, ಚೆಂಡು ತಾನ ಬರ್ತೈತಿ" ಎಂದಳು. ಮುಂದಿನ ಬೇಸಿಗೆಗೆ ಅವಳ ಮದುವೆಯಾಯಿತು. ಕರ್ನೂಲಿನಲ್ಲಿ ನಾನು ಒಂದು ವರ್ಷ ಪೂರ್ತಿ ಖಾಲಿ ಜಾಗ ನೋಡಿ ಓಡಿದೆ. ಚೆಂಡು ಬರಲಿಲ್ಲ.